ಒಂದೂಕಾಲಿನ ಮಗ್ಗಿ

ಲಚ್ಯಾಣದಾಗ ನಮ್ಮಜ್ಜ ಜೋಳದ ಚೀಲದ ಮ್ಯಾಲೆ ಕುಂತು ಗುಣುಗುಣಿಸತಿದ್ದ: ಹದಿಮೂರು ಒಂದೂಕಾಲಲೆ ಹದಿನಾರೂ ಕಾಲು. ರೂಪಾಯಿಗೆ 16 ಆಣೆ ಇದ್ದ ಕಾಲ. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿ ಬಾರದವನಿಗೆ ಸಂತೆ ದಕ್ಕುತ್ತಿರಲಿಲ್ಲ. ಅಜ್ಜ ಮಗ್ಗಿ ಹೇಳುತ್ತಿದ್ದದ್ದು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಸಲ, ಹೆಚ್ಚಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಬರೆದಿಟ್ಟದ್ದೂ ಇದನ್ನೇ: ಒಮ್ಮೆಲೇ ಉರುಹೊಡೆದದ್ದಕ್ಕಿಂತ ದಿನಕ್ಕಿಷ್ಟು ಎಂದು ಹಂಚಿ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ. ಅಜ್ಜನಿಗೆ ಆ ಹೆಸರು ಹೇಳಿದ್ದರೆ ಯಾವ ಊರಿನ ದಲಾಲಿ ಎಂದು ಕೇಳುತ್ತಿದ್ದನೇನೋ!

1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ಮುಕ್ಕಾಲು ರೂಪಾಯಿ 75 ಪೈಸೆಯಾಯಿತು. ನಮ್ಮ ಮನೆಯಲ್ಲಿ ಆ ಮಗ್ಗಿಗಳು ಬಹುತೇಕ ಅಪ್ಪನಿಗೇ ನಿಂತವು. ನನಗೆ ಬರುವುದು ಒಂದೂಕಾಲಿನದಷ್ಟೇ, ಅದೂ ಹದಿಮೂರರ ತನಕ.