ಜೋಡಿ ಉಕಾರದ ಕಥೆ

ನೆರೆಮನೆಯ ಹುಡುಗನೊಬ್ಬನು ಮೊನ್ನೆ ಸಾಯಂಕಾಲ ನಮ್ಮ ಜಗಲಿಯ ಮೇಲೆ ಕುಳಿತು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದನು. ಕತ್ತಿಯೆಂಬ ಅರ್ಥದ ಮಾತನ್ನು ‘ಸ್ವೋರ್ಡ್’ ಎಂದೂ, ಉತ್ತರವೆಂಬ ಅರ್ಥದ ಮಾತನ್ನು ‘ಆನ್ಸ್‌ವರ್’ ಎಂದೂ ಅವನು ಉಚ್ಚರಿಸಿದಾಗ, ನಡುವಣ ಡಬ್ಲ್ಯೂವನ್ನು ನುಡಿಯಬಾರದಪ್ಪಾ ಎಂದು ತಿದ್ದಿದೆನು. ಅವನು ಪುಸ್ತಕದಿಂದ ತಲೆಯೆತ್ತಿ, “ಓದದೇ ಬಿಡೋ ಅಕ್ಷರಾನ ಬರೆಯೋದು ಯಾಕೆ ತಾತ?” ಎಂದನು. ಮಗುವಿನ ಪ್ರಶ್ನೆ ನ್ಯಾಯವಾದದ್ದು. ‘ಅದು ಹಾಗೆಯೇ, ಬಾಯಿಪಾಠ ಮಾಡು’ ಎಂದರೆ ಅದು ಉತ್ತರವಾಗದು.

ಈ ಅಕ್ಷರವು ಅವಶ್ಯಕತೆಯಿಂದ ಜನಿಸಿದುದು. ಇಂಗ್ಲಿಷರ ಪೂರ್ವಿಕರು ರೋಮನ್ ಲಿಪಿಯನ್ನು ಸ್ವೀಕರಿಸಿದ ಕಾಲಕ್ಕೆ, ತುಟಿಗಳೆರಡನ್ನೂ ದುಂಡಾಗಿಸಿ ನುಡಿಯುವ ತಮ್ಮ ವಕಾರಕ್ಕೆ ಸರಿಹೊಂದುವ ಚಿಹ್ನೆ ಆ ವರ್ಣಮಾಲೆಯಲ್ಲಿ ಇರಲಿಲ್ಲವಾಗಿ, ಲಿಪಿಕಾರರು ಉಕಾರದ ಅಕ್ಷರವನ್ನೇ ಎರಡು ಬಾರಿ ಒತ್ತೊತ್ತಾಗಿ ಬರೆದು ಕಾರ್ಯ ಸಾಗಿಸಿದರು. ತರುವಾಯ ತಮ್ಮ ಪ್ರಾಚೀನ ರೂನ್ ಲಿಪಿಯಿಂದ ‘ವಿನ್’ ಎಂಬ ಅಕ್ಷರವನ್ನು ತಂದುಕೊಂಡರು. ವಿನ್ ಎಂದರೆ ಅವರ ನುಡಿಯಲ್ಲಿ ಆನಂದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಜಯಿಸಿದ ಮೇಲೆ ಅವರ ಲಿಪಿಕಾರರೊಡನೆ ಜೋಡಿ ಉಕಾರವೇ ಮರಳಿ ಬಂದು, ಸುಮಾರು 1300ರ ಹೊತ್ತಿಗೆ ಆನಂದವೆಂಬ ಹೆಸರಿನ ಆ ಅಕ್ಷರವು ಬಳಕೆಯಿಂದ ಅಳಿಯಿತು. ಉಳಿದುದು ‘ಡಬಲ್ ಯೂ’, ಅಂದರೆ ಎರಡು ಯೂ. ಫ್ರೆಂಚರು ಆಕೃತಿಯನ್ನು ನೋಡಿ ಇದನ್ನೇ ಎರಡು ವೀ ಎನ್ನುತ್ತಾರೆ. ತನ್ನ ಧ್ವನಿಯೇ ತನ್ನ ಹೆಸರಿನಲ್ಲಿಲ್ಲದ ಅಕ್ಷರವಿದು. ಆ ಧ್ವನಿಯು ‘ವೈ’ ಎಂಬ ಬೇರೊಂದು ಅಕ್ಷರದ ಹೆಸರಿನ ಮೊದಲಲ್ಲಿ ಕೇಳಿಸುತ್ತದೆ.

ಇಂದು ಮೌನವಾಗಿರುವ ಡಬ್ಲ್ಯೂಗಳು ಬಹುಮಟ್ಟಿಗೆ ಒಂದು ಕಾಲಕ್ಕೆ ಮಾತನಾಡಿದವು. ಬರೆ ಎಂಬರ್ಥದ ‘ರೈಟ್’ ಪದದ ಮೊದಲಿನ ಡಬ್ಲ್ಯೂವನ್ನು ಸುಮಾರು 17ನೆಯ ಶತಮಾನದವರೆಗೂ ಜನರು ನುಡಿಯುತ್ತಿದ್ದರು. ‘ಆನ್ಸರ್’ ಎಂಬಲ್ಲಿ ಅಡಗಿರುವುದು ಆಣೆಯಿಡುವ ಅರ್ಥದ ‘ಸ್ವೇರ್’. ಎದುರುನಿಂತು ಆಣೆಯಿಟ್ಟು ನುಡಿಯುವುದೇ ಮೊದಲಿನ ಉತ್ತರ. ಎರಡೆಂಬ ‘ಟೂ’ ಪದದಲ್ಲಿ ಅಡಗಿದ ವಕಾರವು ‘ಟ್ವೆಲ್ವ್’, ‘ಟ್ವೆಂಟಿ’, ‘ಟ್ವಿನ್’ಗಳಲ್ಲಿ ಈಗಲೂ ಜೀವಂತವಾಗಿದೆ, ಸಂಸ್ಕೃತದ ‘ದ್ವಿ’ಯಲ್ಲಿ ನಾವು ಸ್ಪಷ್ಟವಾಗಿ ನುಡಿಯುವ ವಕಾರಕ್ಕೂ ಅದಕ್ಕೂ ಮೂಲವೊಂದೇ. ‘ವಿಡೋ’ ಮತ್ತು ವಿಧವಾ, ಬುದ್ಧಿಯೆಂಬರ್ಥದ ‘ವಿಟ್’ ಮತ್ತು ವೇದಕ್ಕೆ ಮೂಲವಾದ ವಿದ್ ಧಾತು, ಇವೂ ಒಂದೇ ಕುಲದವು. ಆದರೆ ಸಮಗ್ರವೆಂಬರ್ಥದ ‘ಹೋಲ್’ ಪದದ ಡಬ್ಲ್ಯೂವಿಗೆ ಈ ಗೌರವ ಸಲ್ಲದು. ‘ಹೀಲ್’, ‘ಹೆಲ್ತ್’ ಮೊದಲಾದ ಅದರ ಬಂಧುಗಳಲ್ಲಿ ಅದಿಲ್ಲ, ಲಿಪಿಕಾರರು ಕಾಲಾಂತರದಲ್ಲಿ ಸೇರಿಸಿದುದು.

ಸಂಕ್ಷೇಪಗಳಲ್ಲಿ ಡಬ್ಲ್ಯೂ ಹೊರುವ ಭಾರವೂ ಅಲ್ಪವಲ್ಲ. ಹಳೆಯ ಗಾಜಿನ ಬಲ್ಬೊಂದನ್ನು ಕೈಯಲ್ಲಿ ಹಿಡಿದು ನೋಡಿರಿ: ಅದರ ನೆತ್ತಿಯ ಮೇಲೆ 60 ಎಂಬ ಅಂಕಿಯ ಪಕ್ಕದಲ್ಲಿ ಅಚ್ಚಾಗಿರುವ ಡಬ್ಲ್ಯೂ, ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್‌ನ ಸ್ಮಾರಕ, ಒಳಗೆ ಕಾದು ಬೆಳಗುವ ಟಂಗ್‌ಸ್ಟನ್ ತಂತಿಗೆ ರಸಾಯನಶಾಸ್ತ್ರದಲ್ಲಿ, ವೋಲ್‌ಫ್ರಾಮ್ ಎಂಬ ಹೆಸರಿನಿಂದ ಬಂದ ಚಿಹ್ನೆಯೂ ಡಬ್ಲ್ಯೂವೇ. ದಿಕ್ಸೂಚಿಯಲ್ಲಿ ಅದು ಪಶ್ಚಿಮ. ಕ್ರಿಕೆಟ್ಟಿನ ಲೆಕ್ಕದ ಪುಸ್ತಕದಲ್ಲಿ ಬಿದ್ದ ವಿಕೆಟ್ಟು.

ನಮಗೂ ಈ ಅಕ್ಷರಕ್ಕೂ ನಂಟುಂಟು. ಮೈಸೂರಿನ ಒಡೆಯರ ಹೆಸರನ್ನು ಇಂಗ್ಲಿಷಿನಲ್ಲಿ ಡಬ್ಲ್ಯೂವಿನಿಂದ ಬರೆಯುವ ವಾಡಿಕೆ ಬಂದುದು, ಪದದ ಮೊದಲ ಒಕಾರವನ್ನು ನಾವು ವಕಾರದ ಸೋಂಕಿನೊಡನೆ ‘ವೊಡೆಯರು’ ಎಂದು ನುಡಿಯುವುದರಿಂದಲೇ. ಬರೆವಣಿಗೆಯಲ್ಲಾದರೋ ಕನ್ನಡವು ಬೇರೆ ದಾರಿ ಹಿಡಿಯಿತು. ಹಳಗನ್ನಡದಲ್ಲಿ ಸೇವಕನೆಂಬರ್ಥದ ‘ಆಳ್’ ಬೇರೆ, ಮುಳುಗು ಎಂಬರ್ಥದ ‘ಆೞ್’ ಬೇರೆ. ನಾಲಗೆ ಆ ಭೇದವನ್ನು ಬಿಟ್ಟಮೇಲೆ ಲೇಖನಿಯೂ ಬಿಟ್ಟಿತು. ನಮ್ಮ ಮಕ್ಕಳಿಗೆ ಓದು ಸುಲಭವಾಯಿತು, ಪದಗಳ ನೆಂಟಸ್ತನ ಮರೆಯಾಯಿತು. ಇಂಗ್ಲಿಷು ಮಕ್ಕಳಿಗೆ ಕಷ್ಟ ಕೊಟ್ಟಿತು, ನೆಂಟಸ್ತನವನ್ನು ಕಾಪಾಡಿಕೊಂಡಿತು. ಎರಡರಲ್ಲಿಯೂ ಲಾಭವಿದೆ, ಎರಡರಲ್ಲಿಯೂ ನಷ್ಟವಿದೆ.

ಹುಡುಗನ ನೋಟುಪುಸ್ತಕದ ಅಂಚಿನಲ್ಲಿ ‘ಟೂ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ‘ದ್ವಿ’ ಎಂದು ಕನ್ನಡದಲ್ಲಿ ಬರೆದು, ಡಬ್ಲ್ಯೂವಿನಿಂದ ವಕಾರಕ್ಕೆ ಒಂದು ಗೆರೆ ಎಳೆದೆನು. ಅವನು ಅದನ್ನು ಬಹಳ ಹೊತ್ತು ನೋಡಿದನು. ಮರುದಿನ ಆ ಪದವನ್ನು ತಪ್ಪಿಲ್ಲದೆ ಬರೆದನು. ಇಂಗ್ಲಿಷ್ ಕಲಿಸುವ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಮೌನಾಕ್ಷರವನ್ನು ಮಗು ನುಡಿದುಬಿಟ್ಟರೆ ಗದರಿಸಬೇಡಿರಿ, ನಿನ್ನಂತೆಯೇ ಹಿಂದಿನವರೂ ಅದನ್ನು ನುಡಿಯುತ್ತಿದ್ದರು ಎಂದು ಮೊದಲು ಹೇಳಿ, ಆಮೇಲೆ ತಿದ್ದಿರಿ.