ಮನೆಯ ಗಣಕಯಂತ್ರಕ್ಕೆ ಎಷ್ಟು ಮೆಮೊರಿ ಬೇಕು?

ಹೊಸ ಗಣಕಯಂತ್ರ ಕೊಳ್ಳಲು ಅಂಗಡಿಗೆ ಹೋದವರಿಗೆ ಮಾರಾಟಗಾರರು ಮೊದಲು ಹೇಳುವುದು ಎರಡು ಅಂಕಿಗಳನ್ನು: 8 ಜಿಬಿ, 512 ಜಿಬಿ. ಎರಡನ್ನೂ ನಾವು ‘ಮೆಮೊರಿ’ ಎಂದೇ ಕರೆಯುವುದರಿಂದ ಗೊಂದಲ ಉಂಟಾಗುತ್ತದೆ. ಹೆಚ್ಚಿದ್ದಷ್ಟೂ ಒಳಿತೆಂದು ಭಾವಿಸಿ ಕೆಲವರು ಅನಗತ್ಯವಾಗಿ ಹಣ ತೆರುತ್ತಾರೆ. ಕಡಿಮೆ ಬೆಲೆಗೆ ಮನಸೋತು ಕೊಂಡವರು ಒಂದೆರಡು ವರ್ಷಗಳಲ್ಲಿಯೇ ಪಶ್ಚಾತ್ತಾಪ ಪಡುತ್ತಾರೆ. ಈ ಎರಡನೆಯ ಸಾಲಿಗೆ ನಾನೂ ಸೇರಿದವನು. ಮಗಳ ವಿದ್ಯಾಭ್ಯಾಸಕ್ಕೆಂದು ಕೊಂಡ 4 ಜಿಬಿ ಲ್ಯಾಪ್‌ಟಾಪಿನ ಮೆಮೊರಿಯನ್ನು ಹೆಚ್ಚಿಸಲು ಬರುವುದೇ ಇಲ್ಲವೆಂಬುದು ನನಗೆ ತಿಳಿದದ್ದು, ಹೆಚ್ಚಿಸಬೇಕಾಗಿ ಬಂದ ದಿನ. ಅಂತಹ ಪ್ರಸಂಗ ಇತರರಿಗೆ ಬಾರದಿರಲೆಂಬುದೇ ಈ ಲೇಖನದ ಉದ್ದೇಶ.

ಮೇಜು ಮತ್ತು ಕಪಾಟು

ಬ್ಯಾಂಕುಗಳಲ್ಲಿ ಲೆಡ್ಜರುಗಳಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಎಲ್ಲ ಲೆಡ್ಜರುಗಳೂ ಕಪಾಟಿನಲ್ಲಿರುತ್ತಿದ್ದವು; ಆ ಹೊತ್ತಿಗೆ ಬೇಕಾದವು ಮಾತ್ರ ಗುಮಾಸ್ತರ ಮೇಜಿನ ಮೇಲಿರುತ್ತಿದ್ದವು. ಗಣಕಯಂತ್ರದಲ್ಲಿ 512 ಜಿಬಿ ಎಂಬುದು ಕಪಾಟು. ನಮ್ಮ ಕಡತಗಳು, ಛಾಯಾಚಿತ್ರಗಳು, ತಂತ್ರಾಂಶಗಳು ಅಲ್ಲಿ ಶಾಶ್ವತವಾಗಿ ಉಳಿಯುತ್ತವೆ. 8 ಜಿಬಿ ಎಂಬುದು ಮೇಜು. ಇದೇ ‘ರ‍್ಯಾಮ್’, ಅಂದರೆ ನಿಜಾರ್ಥದ ಮೆಮೊರಿ. ಯಂತ್ರವನ್ನು ಆರಿಸಿದೊಡನೆ ಈ ಮೇಜು ಬರಿದಾಗುತ್ತದೆ.

ಮೇಜು ಚಿಕ್ಕದಾದರೆ ಗುಮಾಸ್ತರು ಪದೇ ಪದೇ ಎದ್ದು ಕಪಾಟಿಗೆ ಹೋಗಬೇಕು, ಕೆಲಸ ಕುಂಟುತ್ತದೆ. ಮೆಮೊರಿ ಸಾಲದಾದಾಗ ಯಂತ್ರವೂ ಹೀಗೆಯೇ ಡಿಸ್ಕಿನ ಒಂದು ಭಾಗವನ್ನು ತಾತ್ಕಾಲಿಕವಾಗಿ ಬಳಸಿಕೊಂಡು ನಿಧಾನವಾಗುತ್ತದೆ. ಆದರೆ ಮೇಜನ್ನು ಅಗತ್ಯಕ್ಕಿಂತ ಅಗಲಗೊಳಿಸಿದ ಮಾತ್ರಕ್ಕೆ ಗುಮಾಸ್ತರ ಬರವಣಿಗೆ ವೇಗವಾಗುವುದಿಲ್ಲ. ಈ ಒಂದು ಮಾತು ನೆನಪಿನಲ್ಲಿದ್ದರೆ ಅಂಗಡಿಯಲ್ಲಿ ಮೋಸಹೋಗುವ ಭಯವಿಲ್ಲ.

ಬೆಳೆದು ಬಂದ ಅಂಕಿಗಳು

1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನ ಆರಂಭಿಕ ಮಾದರಿಯಲ್ಲಿದ್ದುದು ಕೇವಲ 16 ಕೆಬಿ. ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ, 2001ರ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಸಾಕಾಗಿತ್ತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. ಅಂದರೆ ಮೊದಲ ಐಬಿಎಂ ಮಾದರಿಯ 2,62,144 ಪಟ್ಟು! ‘ಕನಿಷ್ಠ’ ಎಂಬುದು ಯಂತ್ರವು ನಡೆಯಲು ಬೇಕಾದ ಪ್ರಮಾಣವೇ ಹೊರತು ನೆಮ್ಮದಿಯಿಂದ ದುಡಿಯಲು ಬೇಕಾದದ್ದಲ್ಲ. ಅದರ ಬಹುಪಾಲನ್ನು ವಿಂಡೋಸ್ ತಾನೇ ಬಳಸಿಕೊಳ್ಳುತ್ತದೆ.

ಯಾವ ಕೆಲಸಕ್ಕೆ ಎಷ್ಟು?

ಕನ್ನಡದಲ್ಲಿ ಬರೆಯಲು ಹೆಚ್ಚು ಮೆಮೊರಿ ಬೇಕೇ ಎಂದು ಕೆಲವರು ಕೇಳುವುದುಂಟು. ಖಂಡಿತ ಬೇಡ. ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ‘ಕನ್ನಡ’ ಎಂಬ ಪದಕ್ಕೆ ತಗಲುವುದು 15 ಬೈಟ್ ಮಾತ್ರ. ಮುನ್ನೂರು ಪುಟದ ಪುಸ್ತಕದ ಪಠ್ಯವೂ ಸುಮಾರು ಎರಡು ಎಂಬಿಯಲ್ಲಿ ಅಡಗುತ್ತದೆ. ಮೆಮೊರಿಯನ್ನು ನುಂಗುವುದು ಬರವಣಿಗೆಯಲ್ಲ; ಅಂತರ್ಜಾಲದ ಬ್ರೌಸರಿನಲ್ಲಿ ಏಕಕಾಲಕ್ಕೆ ತೆರೆದಿಟ್ಟ ಹತ್ತಾರು ಪುಟಗಳು, ವೀಡಿಯೋ ಕರೆಗಳು, ಚಿತ್ರ ಮತ್ತು ವೀಡಿಯೋ ಸಂಕಲನ, ಆಟಗಳು.

4 ಜಿಬಿ: ಹೊಸದಾಗಿ ಕೊಳ್ಳುವವರಿಗೆ ಸಲ್ಲದು.

8 ಜಿಬಿ: ಪತ್ರವ್ಯವಹಾರ, ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ, ದೂರದ ಮಕ್ಕಳೊಡನೆ ವೀಡಿಯೋ ಮಾತುಕತೆ ಇಷ್ಟೇ ಇರುವ ಹಿರಿಯರಿಗೆ ಸಾಕು.

16 ಜಿಬಿ: ವಿದ್ಯಾರ್ಥಿಗಳೂ ಉದ್ಯೋಗಸ್ಥರೂ ಇರುವ ಮನೆಗೆ ಸೂಕ್ತ. ನಾಲ್ಕೈದು ವರ್ಷ ಬಳಸುವ ಉದ್ದೇಶವಿದ್ದರೆ ಇದೇ ಲೇಸು.

32 ಜಿಬಿ ಅಥವಾ ಹೆಚ್ಚು: ವೀಡಿಯೋ ಸಂಕಲನ, ವಾಸ್ತುಶಿಲ್ಪ ವಿನ್ಯಾಸ, ದೊಡ್ಡ ತಂತ್ರಾಂಶ ರಚನೆ ಮುಂತಾದವನ್ನು ವೃತ್ತಿಯಾಗಿ ಕೈಗೊಂಡವರಿಗೆ ಮಾತ್ರ.

ಹಳೆಯ ಯಂತ್ರದ ಪರೀಕ್ಷೆ

ಯಂತ್ರ ನಿಧಾನವಾಯಿತೆಂದು ಒಡನೆಯೇ ಮೆಮೊರಿ ಕೊಳ್ಳಬೇಡಿ. ನಿತ್ಯದ ಕೆಲಸಗಳನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ವಿಂಡೋಸಿನ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಮೆಮೊರಿಯ ಬಳಕೆ ಕಾಣುತ್ತದೆ. ಬಳಕೆ ಸದಾ ಶೇ. 90ರ ಆಸುಪಾಸಿನಲ್ಲಿದ್ದರೆ ಮೆಮೊರಿ ಹೆಚ್ಚಿಸಿದರೆ ಫಲ ಉಂಟು. ಶೇ. 60ರಷ್ಟಿದ್ದೂ ಯಂತ್ರ ತೆವಳುತ್ತಿದ್ದರೆ ದೋಷ ಬೇರೆಡೆ ಇದೆ. ಒಳಗೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದಲ್ಲಿ, ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ಹಲವು ಬಾರಿ ಹೆಚ್ಚು ಪರಿಣಾಮಕಾರಿ.

ಕೊಳ್ಳುವ ಮುನ್ನ

ಮೆಮೊರಿ ಪಟ್ಟಿಗಳಲ್ಲಿ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. 32 ಬಿಟ್ ವಿಂಡೋಸ್ ಇರುವ ಮನೆಯ ಯಂತ್ರಗಳಲ್ಲಿ 4 ಜಿಬಿಗಿಂತ ಹೆಚ್ಚು ಹಾಕಿಸಿಯೂ ಪ್ರಯೋಜನವಿಲ್ಲ. ತೆಳುವಾದ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೆಸೆದೇ ಇರಿಸಿರುತ್ತಾರೆ. ಮುಂದೆ ಹೆಚ್ಚಿಸಲು ಸಾಧ್ಯವೇ ಎಂದು ಮೊದಲೇ ಕೇಳಿ ತಿಳಿಯಿರಿ. ಸಾಧ್ಯವಿದ್ದರೆ ಇಂದು 8 ಜಿಬಿ ಕೊಂಡು ಮುಂದೆ ಸೇರಿಸಬಹುದು. ಸಾಧ್ಯವಿಲ್ಲದಿದ್ದರೆ ಮೊದಲೇ 16 ಜಿಬಿ ಕೊಳ್ಳುವುದು ಜಾಣತನ.

ಇನ್ನೊಂದು ಎಚ್ಚರಿಕೆ: ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಮೆಮೊರಿಯಷ್ಟೇ ಅಲ್ಲದೆ ಅರ್ಹವಾದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಇವಿಲ್ಲದ ಹಳೆಯ ಯಂತ್ರಕ್ಕೆ ಬರಿಯ ಮೆಮೊರಿ ತುಂಬಿಸಿದರೆ ಹೊಸ ವಿಂಡೋಸಿಗೆ ಅರ್ಹತೆ ದೊರೆಯುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಗಣಕಯಂತ್ರದ ವಿಷಯದಲ್ಲಿ ಮಾತ್ರ ಮೊದಲು ಕಾಲಿನ ಉದ್ದವನ್ನು ಅಳೆದು, ಆನಂತರ ಹಾಸಿಗೆ ಕೊಳ್ಳುವುದು ಕ್ಷೇಮ.