ಬಾಲಪ್ರಪಂಚದಿಂದ ಕಿತ್ತಯ್ಯನ ಕಲ್ಲಿನವರೆಗೆ

ಲೋಕದ ನಾನಾ ಜನಾಂಗಗಳ ಬಾಳುವೆಯನ್ನೂ ಗತಕಾಲದ ವೃತ್ತಾಂತಗಳನ್ನೂ ಚಿತ್ರಗಳ ನೆರವಿನಿಂದ ಎಳೆಯರಿಗೆ ತಿಳಿಯಹೇಳಿದ ಕನ್ನಡ ಗ್ರಂಥಗಳನ್ನು ನೆನೆಯುವಾಗ, ಶಿವರಾಮ ಕಾರಂತರು 1936ರಲ್ಲಿ ಹೊರತಂದ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಮೊದಲು ಸ್ಮರಿಸುವುದು ನ್ಯಾಯ. ಪರೀಕ್ಷೆಯ ಭಯವಿಲ್ಲದೆ, ಪಾಠಪಟ್ಟಿಯ ಹಂಗಿಲ್ಲದೆ, ಮಗುವು ತನ್ನ ಕುತೂಹಲವೊಂದನ್ನೇ ನೆಚ್ಚಿಕೊಂಡು ಓದಬಲ್ಲುದೆಂಬ ದೃಢವಾದ ವಿಶ್ವಾಸ ಆ ಕೃತಿಯ ಬೆನ್ನಿಗಿತ್ತು. 1970ರ ದಶಕದಲ್ಲಿ ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯೆಂಬ ಕಿರಿಯರ ವಿಶ್ವಕೋಶವೂ ಅದೇ ವಿಶ್ವಾಸದ ಫಲ.

ಇವುಗಳ ನಡುವಣ ಕಾಲದಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಪ್ರಯತ್ನ ಇಂದು ಹಲವರಿಗೆ ಮರೆತೇಹೋಗಿದೆ. ಇಂಡಿಯಾ ಬುಕ್ ಹೌಸಿನ ಇಲ್ಲಿಯ ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಆಸಕ್ತಿಯಿಂದ 1965ರಲ್ಲಿ ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಪ್ರಕಟವಾದುವು. ಸಿಂಡರೆಲ್ಲಾ, ಪಿನೋಕಿಯೊ ಮೊದಲಾದ ಪರದೇಶದ ಕಥೆಗಳೇ ಅವುಗಳ ವಸ್ತು. ಇಂಗ್ಲಿಷ್ ಮಾಲೆಯು ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ನಿಂದ ಆರಂಭವಾಗುವುದಕ್ಕೆ ಇದೇ ಕಾರಣ. ಆ ಬಳಿಕ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಆ ಮಾಲೆಯು ಪುರಾಣಪುರುಷರನ್ನೂ ಇತಿಹಾಸಪುರುಷರನ್ನೂ ಭಾರತದ ಮನೆಮನೆಗೆ ತಲುಪಿಸಿತು. ವೇಷಭೂಷಣ, ಆಯುಧ, ವಾಸ್ತು ಇವುಗಳ ಕಲ್ಪನೆಯನ್ನು ಎಷ್ಟೋ ಮಂದಿ ಈ ಬಣ್ಣದ ಚೌಕಗಳಿಂದಲೇ ಪಡೆದರೆಂಬುದು ನಿಜವಾದುದರಿಂದಲೇ, ಅಂಥ ಚಿತ್ರಗಳನ್ನು ಬರೆಯುವವರ ಹೊಣೆ ಇತಿಹಾಸಕಾರರ ಹೊಣೆಗಿಂತ ಕಡಮೆಯದಲ್ಲವೆಂದು ನಾನು ಭಾವಿಸುತ್ತೇನೆ.

ರಾಷ್ಟ್ರೋತ್ಥಾನ ಪರಿಷತ್ತಿಗಾಗಿ ಎಲ್. ಎಸ್. ಶೇಷಗಿರಿರಾಯರು ಸಂಪಾದಿಸಿದ ‘ಭಾರತ ಭಾರತಿ’ ಮಾಲೆಯ 510 ಪುಸ್ತಕಗಳದು ಬೇರೆ ಬಗೆ. ಮೇಲ್ಹೊದಿಕೆಯಲ್ಲಿ ಒಬ್ಬ ಮಹನೀಯರ ಚಿತ್ರ, ಒಳಗೆ ಅವರ ಬಾಳಿನ ಸರಳ ಕಥನ, ಅಂಗೈಯಲ್ಲಿ ಹಿಡಿಯಬಹುದಾದ ಗಾತ್ರ: ಶಾಲಾಬಾಲಕನ ಜೇಬಿಗೂ ಹೊರೆಯಾಗದ ಗ್ರಂಥಭಂಡಾರವದು.

ಇಷ್ಟೆಲ್ಲ ಸಿದ್ಧಿಸಿದ ಮೇಲೂ, ಯಲಹಂಕದ, ಯಶವಂತಪುರದ ಅಥವಾ ಆರ್. ಟಿ. ನಗರದ ಮಗುವಿಗೆ ತನ್ನ ನೆರೆಯ ಹೆಬ್ಬಾಳದ ಪೂರ್ವೋತ್ತರವನ್ನು ಹೇಳುವವರಾರು? ಕೆಂಪೇಗೌಡರು ಯಲಹಂಕದ ನಾಡಪ್ರಭುಗಳೆಂಬುದು ಅದಕ್ಕೆ ತಿಳಿದಿರಬಹುದು. ಆದರೆ 1537ರಲ್ಲಿ ಅವರು ಬೆಂಗಳೂರಿನ ಕೋಟೆ ಕಟ್ಟಿಸಿದರೆಂದು ಹೇಳುವ ಕಾಲಕ್ಕೂ ಸುಮಾರು ಎಂಟು ಶತಮಾನ ಮೊದಲೇ ಇಲ್ಲಿ ಕನ್ನಡದ ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿದ್ದರು. ಗಂಗರ ಶ್ರೀಪುರುಷನು ಆಳುತ್ತಿದ್ದ ಕಾಲ, ಸುಮಾರು ಕ್ರಿ. ಶ. 750; ರಾಷ್ಟ್ರಕೂಟರ ದಾಳಿಯನ್ನು ಎದುರಿಸಿ ಪೆರ್ಬೊಳಲುನಾಡಿನ ಕಿತ್ತಯ್ಯನೆಂಬ ವೀರನು ಮಡಿದ. ಬಿ. ಎಲ್. ರೈಸರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದಾಗ ಕಣ್ಣಿಗೆ ಬೀಳದೆ ಉಳಿದಿದ್ದ ಅವನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಿತು. ಅರಸನ ಹೆಸರು, ನಾಡಿನ ಹೆಸರು, ಸತ್ತವನ ಹೆಸರು, ಸತ್ತ ಕಾರಣ, ಜತೆಗೆ ಆ ವೀರನ ಉಬ್ಬುಶಿಲ್ಪ: ಇವೆಲ್ಲ ಒಂದೇ ಬಂಡೆಯ ಮೇಲಿವೆ.

ಚಿತ್ರಕಾರರಲ್ಲಿಯೂ ಪ್ರಕಾಶಕರಲ್ಲಿಯೂ ನನ್ನ ಬಿನ್ನಹ ಇದು: ಈ ಕಲ್ಲನ್ನು ಕುರಿತು ಮಕ್ಕಳಿಗಾಗಿ ಒಂದು ಪುಸ್ತಕವನ್ನು ಸಿದ್ಧಪಡಿಸಿರಿ. ಎಂಟನೆಯ ಶತಮಾನದ ಲಿಪಿಯನ್ನು ಇಂದಿನ ಲಿಪಿಯ ಪಕ್ಕದಲ್ಲಿ ಅಚ್ಚುಹಾಕಿರಿ. ಗಂಗರ ಸೀಮೆಯ ಭೂಪಟವನ್ನು ಕೊಡಿರಿ. ಕಿತ್ತಯ್ಯನ ಉಡುಪನ್ನೂ ಆಯುಧವನ್ನೂ ಕಲ್ಲಿನಲ್ಲಿರುವಂತೆಯೇ ಬರೆಯಿರಿ, ಚಲನಚಿತ್ರದ ಕಿರೀಟವನ್ನು ಮಾತ್ರ ಅವನಿಗೆ ತೊಡಿಸಬೇಡಿರಿ.